ಮಷಿನ್ನಲ್ಲಿ ಕೌದಿ: ಅಡಿಬಟ್ಟೆ ಸುಕ್ಕಾಗದಂತೆ

ಪ್ರಶ್ನೆ: ಹಳೆ ಕಾಟನ್ ಸೀರೆಗಳಿಂದ ಮನೆಯ ಮಷಿನ್ನಲ್ಲೇ ಕೌದಿ ಹೊಲಿಯುತ್ತಿದ್ದೇನೆ. ಮೇಲೆ ಚೆನ್ನಾಗಿ ಕಾಣುತ್ತೆ, ತಿರುಗಿಸಿದರೆ ಅಡಿಬಟ್ಟೆಯೆಲ್ಲ ಸುಕ್ಕು. ಏನು ಮಾಡಲಿ? – ಓದುಗರೊಬ್ಬರು, ಧಾರವಾಡ

ಉತ್ತರ: ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನದನ್ನು ಫುಟ್ (ಸೂಜಿ ಬಳಿ ಬಟ್ಟೆ ಒತ್ತುವ ಪಾದ) ಒತ್ತಿ ಹಿಡಿಯುತ್ತದೆ, ಹಾಗಾಗಿ ಪದರಗಳು ಒಂದರ ಮೇಲೊಂದು ಜಾರುತ್ತವೆ. ಕೈಹೊಲಿಗೆಯಲ್ಲಿ ಈ ತೊಂದರೆ ಅಷ್ಟಿಲ್ಲ, ಬೆರಳು ಸುಕ್ಕನ್ನು ಅಲ್ಲಲ್ಲೇ ಸರಿಮಾಡುತ್ತೆ ಅಲ್ವಾ.

ಬಟ್ಟೆಗಳನ್ನೆಲ್ಲ ಮೊದಲೇ ಒಗೆದು ಇಸ್ತ್ರಿ ಮಾಡಿ. ಅಡಿಬಟ್ಟೆ ನಾಲ್ಕೂ ಕಡೆ 3–4 ಇಂಚು ಜಾಸ್ತಿ ಇರಲಿ. ಅದನ್ನು ಒಳಮೈ ಮೇಲಾಗಿ ನೆಲದ ಮೇಲೆ ಹಾಸಿ, ಅಂಚುಗಳಿಗೆ ಟೇಪ್ ಅಂಟಿಸಿ. ಬಿಗಿಯಾಗಿರಬೇಕು, ಆದರೆ ಜಗ್ಗಬಾರದು. ಜಗ್ಗಿದರೆ ಟೇಪ್ ತೆಗೆದ ಕೂಡಲೇ ಬಟ್ಟೆ ಹಿಂದಕ್ಕೆ ಸರಿದು ಸುಕ್ಕು ಅಲ್ಲಿಂದಲೇ ಶುರು. ಅದರ ಮೇಲೆ ನಡುವಿನ ಸೀರೆ ಪದರ, ಆಮೇಲೆ ತೇಪೆ ಹಾಕಿದ ಮೇಲ್ಬಟ್ಟೆ, ಪ್ರತಿ ಸಲವೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ.

ಈಗ ನಡುವಿನಿಂದಲೇ ಶುರುಮಾಡಿ, ಸುಮಾರು 4 ಇಂಚಿಗೊಂದು ಸೇಫ್ಟಿ ಪಿನ್ ಹಾಕಿ. ಗುಂಡುಪಿನ್ ಬೇಡ, ಸುತ್ತಿ ತಿರುಗಿಸುವಾಗ ಕೈಗೆ ಚುಚ್ಚುತ್ತೆ. ಪಿನ್ ಇಲ್ಲದಿದ್ದರೆ ಉದ್ದುದ್ದ ಕಚ್ಚಾ ಹೊಲಿಗೆ ಸಾಕು, ನನಗೆ ಅದೇ ಹೆಚ್ಚು ಇಷ್ಟ. ಬೇಸರ ಅಂತ ಈ ಕೆಲಸ ಬಿಡಬೇಡಿ!

ಹೊಲಿಗೆ ಉದ್ದ 3 ಮಿಮೀ, ಸೂಜಿ 90/14 ನಂಬರಿನದು. ಸಿಕ್ಕರೆ ವಾಕಿಂಗ್ ಫುಟ್ ಹಾಕಿ, ಅದು ಮೇಲಿನ ಪದರವನ್ನೂ ಜೊತೆಗೇ ಸರಿಸುತ್ತದೆ. ಮೊದಲ ಸಾಲು ನಡುವೆಯೇ ಹೊಲಿಯಿರಿ, ಪಿನ್ ಹತ್ತಿರ ಬಂದಾಗ ನಿಲ್ಲಿಸಿ ತೆಗೆಯಿರಿ.