ಬಿಎಸ್ಸಿ ಆದ್ಮೇಲೆ ಔಷಧಕ್ಕೆ ಬಗ್ಗದ ಕ್ರಿಮಿಗಳ ರಿಸರ್ಚಿಗೆ ಹೋಗ್ಬಹುದಾ, ಬ್ಯಾಕ್ಟೀರಿಯಾನಾ ಫಂಗಸ್ಸಾ?

ಶಿರಸೀಲಿ ಬಿಎಸ್ಸಿ ಮುಗೀತಾ ಬಂತು, ಆಂಟಿಬಯೋಟಿಕ್ ರೆಸಿಸ್ಟೆನ್ಸ್ ಮೇಲೆ ಕೆಲ್ಸ ಮಾಡೋ ಆಸೆ, ಯಾವ್ದು ತಗೊಳ್ಲಿ, ಹೊಟ್ಟೆ ತುಂಬತ್ತಾ ಅಂತ ಕೇಳಿದೀರಿ. ನಾನೂ ಶಿರಸಿ ಹತ್ರದ ತೋಟದ ಮನೆಯವಳೇ. ಪಿಎಚ್‌ಡಿ ಶುರು ಮಾಡಿದ್ದು ಬ್ಯಾಕ್ಟೀರಿಯಾದಲ್ಲಿ, ಈಗ ಹನ್ನೊಂದು ವರ್ಷದಿಂದ ಫಂಗಸ್. ನೀವೂ ಫಂಗಸ್ಸೇ ತಗೊಳ್ಳಿ ಅಂತೀನಿ.

ಬ್ಯಾಕ್ಟೀರಿಯಾ ನಮ್ಗಿಂತ ತೀರಾ ಬೇರೆ ಜೀವಿ, ಹೊಡೀಲಿಕ್ಕೆ ಜಾಗ ಬೇಕಾದಷ್ಟಿದೆ. ಫಂಗಸ್ಸಿನ ಜೀವಕೋಶ ನಮ್ಮದಕ್ಕೆ ಹತ್ತಿರದ್ದು, ಅದನ್ನ ಕೊಲ್ಲಲಿಕ್ಕೆ ಹೋದ್ರೆ ಪೇಶಂಟಿಗೂ ಪೆಟ್ಟು ಬೀಳತ್ತೆ. ಹಂಗಾಗಿ ರಕ್ತಕ್ಕೆ, ಶ್ವಾಸಕೋಶಕ್ಕೆ ಇಳಿದ ಫಂಗಸ್ಸಿಗೆ ಔಷಧದ ಗುಂಪು ಮುಖ್ಯವಾಗಿ ನಾಲ್ಕೇ, ಅದ್ರಲ್ಲಿ ಡಾಕ್ಟ್ರು ಬಹಳ ಬಳಸೋ ಗುಂಪು ಅಜೋಲ್, ಅಂದ್ರೆ ಫ್ಲುಕೊನಜೋಲ್, ವೊರಿಕೊನಜೋಲ್ ಇಂಥವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಸಲ ಅಪಾಯದ ಫಂಗಸ್‌ಗಳ ಪಟ್ಟಿ ಮಾಡ್ತು, 19 ಇದಾವೆ, ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಲ್ಲಕ್ಕಿಂತ ಮೇಲಿನ ಗುಂಪಲ್ಲಿದೆ.

ಈಗ ನಿಮ್ಮನೆ ತೋಟದ ಅಟ್ಟಕ್ಕೆ ಹೋಗಿ ಅಡಿಕೆ ಎಲೆಚುಕ್ಕಿ ರೋಗಕ್ಕೆ ತಂದಿಟ್ಟ ಬಾಟ್ಲಿ ತಿರುಗಿಸಿ ನೋಡಿ. ಪ್ರೊಪಿಕೊನಜೋಲ್, ಇಲ್ಲಾ ಟೆಬುಕೊನಜೋಲ್. ಹೆಸರಿನ ಬಾಲ ಒಂದೇ, ಎರಡೂ ಕಡೆಯವು ಹೊಡಿಯೋದು ಫಂಗಸ್ಸಿನ ಒಂದೇ ಎನ್‌ಜೈಮಿಗೆ. ಆಸ್ಪರ್ಜಿಲಸ್ ಇರೋದು ಮಣ್ಣಲ್ಲಿ, ಬಿಸಿಯಾದ ಗೊಬ್ಬರದ ಗುಂಡೀಲಿ. ಮದ್ದಿನ ಪಸೆ ಅಲ್ಲಿಗೂ ಇಳಿಯತ್ತೆ, ಅದ್ರಲ್ಲಿ ಬದುಕಿ ಉಳಿದಿದ್ದು ಗಾಳೀಲಿ ಹಾರಿ ಯಾರದ್ದೋ ಮೂಗು ಸೇರಿದ್ರೆ ಆಸ್ಪತ್ರೇಲಿ ಕೊಡೋ ವೊರಿಕೊನಜೋಲೂ ನಾಟೋದಿಲ್ಲ. ನೆದರ್‌ಲ್ಯಾಂಡ್ಸಲ್ಲಿ ಅಜೋಲ್ ಮಾತ್ರೆ ಒಂದೂ ನುಂಗದ ಪೇಶಂಟುಗಳಲ್ಲಿ ಇಂಥ ಫಂಗಸ್ ಸಿಕ್ಕಾಗ್ಲೇ ಹೊಲದ ಮೇಲೆ ಅನುಮಾನ ಬಂದಿದ್ದು. 2012ರ ಹೊತ್ತಿಗೆ ನಮ್ಮ ದೇಶದಲ್ಲೂ ಪೇಶಂಟುಗಳಲ್ಲಿ, ಗದ್ದೆ ಮಣ್ಣಲ್ಲಿ, ಟೀ ತೋಟದಲ್ಲಿ ಇಂಥ ಫಂಗಸ್ ಸಿಕ್ತು, ನೆದರ್‌ಲ್ಯಾಂಡ್ಸಿನದ್ರಲ್ಲಿದ್ದ ಜೀನ್ ಬದಲಾವಣೆಯೇ ಇದ್ರಲ್ಲೂ ಇತ್ತು.

ಮದ್ದೇ ಹೊಡೀಬೇಡಿ ಅಂತ ನಾನು ಯಾವ ರೈತನಿಗೂ ಹೇಳೋದಿಲ್ಲ, ಎಲೆಚುಕ್ಕಿ ಬಂದ ತೋಟ ನೋಡಿದವರಿಗೆ ಆ ಮಾತು ಬಾಯಿಗೇ ಬರೋದಿಲ್ಲ. ಆದ್ರೆ ಅಡಿಕೆ ಕೊಳೆರೋಗಕ್ಕೆ ಹೊಡಿಯೋ ಮದ್ದನ್ನ ನೆನಪು ಮಾಡ್ಕೊಳ್ಳಿ. ಅಪ್ಪಯ್ಯ ಮಳೆಗಾಲದ ಮುಂಚೆ ಮೈಲುತುತ್ತ (ತಾಮ್ರದ ಸಲ್ಫೇಟು), ಸುಣ್ಣ ಒಂದೊಂದು ಕೇಜಿ ನೂರು ಲೀಟರ್ ನೀರಿಗೆ ಕದಡಿ, ತಿಕ್ಕಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ತೆಗೀತಿದ್ದ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕು, ಆಮೇಲೇ ಕೊನೆಗೌಡ ಮರ ಹತ್ತೋದು. ಕೋಲ್ಮನ್ ಅನ್ನೋ ವಿಜ್ಞಾನಿ 1910ರ ಸುಮಾರಿಗೆ ಮೈಸೂರು ಸೀಮೇಲಿ ಕೊಳೆರೋಗಕ್ಕೆ ಈ ಮದ್ದು ರೂಢಿಗೆ ತಂದಿದ್ದು, ಇವತ್ತಿಗೂ ಕೆಲ್ಸ ಮಾಡ್ತಾ ಇದೆ. ತಾಮ್ರ ಒಂದೇ ಸಲ ಹತ್ತು ಕಡೆ ಹೊಡಿಯತ್ತೆ, ಹತ್ತೂ ಕಡೆ ಒಟ್ಟಿಗೆ ಬದಲಾಗೋದು ಕಷ್ಟ. ಅಜೋಲ್ ಹೊಡಿಯೋದು ಒಂದೇ ಕಡೆ. (ಕೊಳೆ ತರೋ ಫೈಟಾಫ್ತೋರಾ ಅಸಲಿಗೆ ಫಂಗಸ್ಸೇ ಅಲ್ಲ, ಅದು ಬೇರೆ ಕಥೆ.) ಈ ವ್ಯತ್ಯಾಸ ನಂಗೆ ಪುಸ್ತಕಕ್ಕಿಂತ ಮೊದ್ಲು ಅರ್ಥ ಆಗಿದ್ದು ಆ ಕತ್ತಿಯಿಂದ. ನಿಮ್ಮಂಥವರು ಬರಬೇಕು ಅನ್ನೋದು ಅದಕ್ಕೇ, ತೋಟ ಆಸ್ಪತ್ರೆ ಎರಡೂ ಗೊತ್ತಿರೋರು ಈ ಕೆಲ್ಸದಲ್ಲಿ ಬಹಳ ಕಮ್ಮಿ.

ದಿನದ ಕೆಲ್ಸ ಹೇಗಿರತ್ತೆ ಅಂದ್ರೆ, 96 ಗುಣಿಯ ಪ್ಲೇಟು. ಒಂದು ಗುಣೀಲಿ ಔಷಧ 16 ಪಾಲು ಇದ್ರೆ ಪಕ್ಕದ್ರಲ್ಲಿ 8, ಆಮೇಲೆ 4, ಹಿಂಗೇ ಅರ್ಧ ಅರ್ಧ ಇಳೀತಾ ಹೋಗಿ, ಎಲ್ಲದಕ್ಕೂ ಫಂಗಸ್ಸಿನ ಬೀಜಕಣ ಹಾಕಿ 35 ಡಿಗ್ರೀಲಿ ಎರಡು ದಿನ ಇಟ್ಟು, ಕನ್ನಡಿ ಹಿಡಿದು ತಳದಿಂದ ನೋಡೋದು. ಬಗ್ಗೋ ಫಂಗಸ್ಸಾದ್ರೆ ಹೆಚ್ಚಿನ ಗುಣಿ ನೀರಿನಷ್ಟು ತಿಳಿಯಾಗಿರತ್ತೆ. ಬಗ್ಗದ್ದಾದ್ರೆ 8ರಲ್ಲೂ 16ರಲ್ಲೂ ಅರಳೆ ಇಟ್ಟಂಗೆ ಬೆಳ್ಳಗೆ ಬೆಳೆದಿರತ್ತೆ. ಮೊದಲ ಸಲ ಅದನ್ನ ನೋಡಿದ ದಿನ ನಂಗೆ ಊಟ ಸೇರಲಿಲ್ಲ, ಯಾಕಂದ್ರೆ ಆ ಸ್ಯಾಂಪಲ್ಲಿನ ಪೇಶಂಟು ಇನ್ನೂ ವಾರ್ಡಲ್ಲಿದ್ರು.

ದುಡ್ಡಿನ ವಿಷ್ಯ: ಎಂಎಸ್ಸಿ ಮಾಡಿ, ಸಿಎಸ್‌ಐಆರ್ ನೆಟ್ ಇಲ್ಲಾ ಐಸಿಎಂಆರ್ ಪರೀಕ್ಷೇಲಿ ಜೆಆರ್‌ಎಫ್ (ರಿಸರ್ಚ್ ಮಾಡೋರಿಗೆ ಸರ್ಕಾರ ಕೊಡೋ ಫೆಲೋಶಿಪ್) ತಗೊಂಡ್ರೆ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ 42,000. ಪಿಎಚ್‌ಡಿ ಐದಾರು ವರ್ಷ ತಿನ್ನತ್ತೆ, ಆಮೇಲೂ ಪರ್ಮನೆಂಟ್ ಕೆಲ್ಸ ಬೇಗ ಸಿಗೋದಿಲ್ಲ, ಇದನ್ನ ಮನೇಲಿ ಈಗ್ಲೇ ಕೂತು ಮಾತಾಡಿ, ನಮ್ಮ ಆಯಿಗೆ ನಾನು ಹೇಳದೇ ಇದ್ದಿದ್ದೇ ತಪ್ಪಾಯ್ತು. ಎಂಎಸ್ಸಿ ಪ್ರಾಜೆಕ್ಟ್ ಮಾತ್ರ ಆಸ್ಪತ್ರೆ ಜೊತೆ ಕೆಲ್ಸ ಮಾಡೋ ಲ್ಯಾಬಲ್ಲೇ ಹುಡುಕಿ. ಅರ್ಜಿ ಬರೆಯೋವಾಗ ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಇಲ್ಲೇ ಕೆಳಗೆ ಕೇಳಿ, ನೋಡಿದ ತಕ್ಷಣ ಉತ್ತರ ಹಾಕ್ತೀನಿ.