ಹೊರಗೆ ಚೆನ್ನಾಗಿದ್ದ ದಾಳಿಂಬೆ ಒಳಗೆ ಕಪ್ಪಾಗಿದ್ದು ಹೇಗೆ?

ಸಿಪ್ಪೆ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ, ಒಡೆದರೆ ಒಳಗೆ ಕಾಳೆಲ್ಲ ಕಪ್ಪಾಗಿ ಕೊಳೆತಿತ್ತು, ಅಂಗಡಿಯವರು ಹಳೇ ಮಾಲು ಕೊಟ್ಟರಾ ಅಂತ ಕೇಳಿದ್ದೀರಿ.

ಅಂಗಡಿಯವರನ್ನು ಈ ಸಲ ಬಿಟ್ಟುಬಿಡಿ. ನಾನು ಹಿರಿಯೂರು ಕಡೆ ದಾಳಿಂಬೆ ಗ್ರೇಡಿಂಗ್ ಶೆಡ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ಹಣ್ಣು ನಮ್ಮ ಕಣ್ಣಿಗೂ ಸಿಗದೆ ದಾಟಿ ಹೋಗುತ್ತದೆ. ಆ ಕೊಳೆ ಅಂಗಡಿಯಲ್ಲಿ ಶುರುವಾಗಿದ್ದಲ್ಲ. ಗಿಡದಲ್ಲಿ ಹೂವಿದ್ದಾಗಲೇ ಒಳಗೆ ಸೇರಿಕೊಂಡಿದ್ದು.

ದಾಳಿಂಬೆ ತುದಿಯಲ್ಲಿ ಕಿರೀಟ ಇರುತ್ತದೆ ಅಲ್ವಾ, ಅದನ್ನು ಒಮ್ಮೆ ಬಿಡಿಸಿ ನೋಡಿ. ಒಣಗಿದ ಕೇಸರಗಳು ಒತ್ತೊತ್ತಾಗಿ ಮುದುರಿಕೊಂಡಿರುತ್ತವೆ, ಉಜ್ಜಿದರೆ ಬೆರಳಿಗೆ ಕಂದು ಪುಡಿ ಹತ್ತುತ್ತದೆ. ಹೂ ಅರಳಿದ ಹೊತ್ತಿಗೆ ಮಳೆ ಹಿಡಿದರೆ, ಗಾಳಿಯಲ್ಲಿ ಬಂದ ಫಂಗಸ್‌ನ ಬೀಜಕಣಗಳು ಅಲ್ಲೇ ಮೊಳೆಯುತ್ತವೆ. ಮುಖ್ಯವಾಗಿ ಆಲ್ಟರ್ನೇರಿಯಾ, ಆಸ್ಪರ್ಜಿಲಸ್. ಹೂವಿನ ನಡುವಿನ ನಳಿಕೆ ಹಿಡಿದು ಕಾಳಿರುವ ಕೋಣೆಗೆ ಇಳಿಯುತ್ತವೆ. ಎಳೆ ಕಾಯಿಯಲ್ಲಿ ಬಹಳ ದಿನ ಸುಮ್ನೆ ಕೂತಿರುತ್ತವೆ. ಹಣ್ಣು ಬಲಿತ ಮೇಲೆ ಹರಡಲು ಶುರು. ಮಧ್ಯದ ಪೊರೆ ಅಡ್ಡ ಇರುವುದರಿಂದ ಎಷ್ಟೋ ಸಲ ಒಂದು ಕೋಣೆ ಮಸಿಯಾಗಿದ್ದರೂ ಪಕ್ಕದ್ದು ಕೆಂಪಗೇ ಇರುತ್ತದೆ. ಸಿಪ್ಪೆ ದಪ್ಪ, ಹೊರಗೆ ಸುಳಿವೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆ, ದಾಳಿಂಬೆ ಇಲ್ಲಿ ಹಿಡಿದದ್ದೂ ಅದಕ್ಕೇ. ಆದರೂ ಮಳೆಗಾಲಕ್ಕೆ ಹೂ ಬರುವ ಬೆಳೆಯಲ್ಲಿ ಈ ಕಾಟ ಜಾಸ್ತಿ. ರೈತರು ದುಂಡಾಣು ಅಂಗಮಾರಿ ಅನ್ನುವ ಬ್ಯಾಕ್ಟೀರಿಯಾ ರೋಗಕ್ಕೆ ಹೆದರುವಷ್ಟು ಇದಕ್ಕೆ ಹೆದರುವುದಿಲ್ಲ. ಅದು ಸಿಪ್ಪೆ ಮೇಲೆ ಕಾಣುತ್ತದೆ, ರೇಟು ಅಲ್ಲೇ ಬೀಳುತ್ತದೆ. ಇದು ಕಾಣುವುದು ನಿಮ್ಮಂಥವರ ಅಡುಗೆಮನೆಯಲ್ಲಿ!

ಮಾವು, ಪಪ್ಪಾಯ ಹಣ್ಣಾಗುವಾಗ ಏಳುವ ಕಪ್ಪು ಚುಕ್ಕೆಯೂ ಇದೇ ಥರದ ಆಟ. ಕಾಯಿ ಇದ್ದಾಗಲೇ ಫಂಗಸ್ ಸಿಪ್ಪೆಗೆ ಅಂಟಿಕೊಂಡು, ಸೂಜಿಗಿಂತ ಸಣ್ಣ ಮೊಳೆಯಿಂದ ಚುಚ್ಚಿ, ಹಣ್ಣಾಗುವವರೆಗೆ ಕಾಯುತ್ತದೆ.

ಗಾಯ ಬೇಕಾದ ಕೊಳೆ ಬೇರೆ. ಕಿತ್ತಳೆ ಮೇಲಿನ ಹಸಿರು ಬೂಷ್ಟು ಪೆನಿಸಿಲಿಯಂ. ಉಗುರು ತಾಗಿದ ಗೀರು ಸಿಕ್ಕರೂ ಸಾಕು. ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗಿಸುತ್ತದೆ, ಅದಕ್ಕೇ ಆ ಜಾಗ ಒತ್ತಿದರೆ ಪಿಚಕ್ ಅನ್ನುವುದು. ಕ್ರೇಟ್‌ನಲ್ಲಿ ಒಂದರಿಂದ ಒಂದಕ್ಕೆ ದಾಟುವುದು ಬೂದು ಬೂಷ್ಟು, ಅಂದರೆ ಬೋಟ್ರೈಟಿಸ್. ಅದು 0 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ದಾಳಿಂಬೆಯನ್ನು ಅಷ್ಟು ತಣ್ಣಗಿಡುವ ಹಾಗೂ ಇಲ್ಲ, 5 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಚಳಿಗೇ ಹಣ್ಣು ಕೆಡುತ್ತದೆ.

ಕೊಳ್ಳುವಾಗ ಒಂದೇ ಗಾತ್ರದ ಎರಡು ಹಣ್ಣು ಎರಡು ಕೈಯಲ್ಲಿ ತೂಗಿ ನೋಡಿ. ಒಳಗೆ ಕೊಳೆತದ್ದು ಸಾಮಾನ್ಯವಾಗಿ ಹಗುರ, ಬಣ್ಣವೂ ಉಳಿದವುಗಳಿಗಿಂತ ಸ್ವಲ್ಪ ಬೇರೆ. ಪ್ರತಿ ಸಲ ಸಿಗುತ್ತದೆ ಅಂತಲ್ಲ. ಒಡೆದ ಮೇಲೆ ಕಪ್ಪು ಕಂಡರೆ ಪಕ್ಕದ ಕೋಣೆಯ ಕಾಳೂ ತಿನ್ನಬೇಡಿ. ಈ ಫಂಗಸ್‌ಗಳಲ್ಲಿ ಕೆಲವು ವಿಷ ಬಿಡುತ್ತವೆ, ಅದು ಕಣ್ಣಿಗೆ ಕಾಣುವುದಿಲ್ಲ. ಹಣ್ಣನ್ನು ಹಾಗೇ ಅಂಗಡಿಗೆ ಒಯ್ದು ತೋರಿಸಿ, ಬದಲಿ ಕೊಡುವವರೂ ಇದ್ದಾರೆ. ಜಗಳ ಮಾತ್ರ ಬೇಡ, ಅವರಿಗೂ ಗೊತ್ತಿರಲಿಲ್ಲ.