ಬೀಗ ಹಾಕಿದ್ದರಿಂದಲೇ ಉಳಿದ ನಾಟಕಮಂದಿರ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಹಳೆಯ ನಾಟಕಮಂದಿರ ಅಂದರೆ ಎಲ್ಲರೂ ಲಂಡನ್ನಿನ ಬಗ್ಗೆಯೇ ಬರೆಯುತ್ತಾರೆ. ಸಣ್ಣ ಊರುಗಳಲ್ಲಿ ಆಗ ನಾಟಕ ಇರಲಿಲ್ವಾ?

ಉತ್ತರ: ಖಂಡಿತ ಇತ್ತು. ಆದರೆ ಬಹಳ ಕಾಲ ಕಾನೂನಿನ ಕಣ್ಣು ತಪ್ಪಿಸಿಕೊಂಡೇ ನಡೆಯಬೇಕಿತ್ತು. ವೇದಿಕೆ ಮೇಲೆ ತನ್ನನ್ನು ಲೇವಡಿ ಮಾಡುವುದನ್ನು ಸಹಿಸದ ಆಗಿನ ಪ್ರಧಾನಿ ರಾಬರ್ಟ್ ವಾಲ್ಪೋಲ್ ಸರ್ಕಾರ 1737ರಲ್ಲಿ ಒಂದು ಕಾಯಿದೆ ತಂದಿತು. ಅದರಿಂದಾಗಿ ಮಾತಿನ ನಾಟಕ ಆಡುವ ಹಕ್ಕು ಹೆಚ್ಚುಕಮ್ಮಿ ಲಂಡನ್ನಿನ ಡ್ರೂರಿ ಲೇನ್ ಮತ್ತು ಕಾವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳಿಗೇ ಉಳಿಯಿತು. ಬೇರೆ ಕಡೆ ಅನುಮತಿ ಇಲ್ಲದೆ ದುಡ್ಡಿಗೆ ನಾಟಕ ಆಡಿದ ನಟರನ್ನು ಕಾನೂನು ಪೋಕರಿಗಳು, ಅಲೆಮಾರಿಗಳ ಸಾಲಿಗೆ ಸೇರಿಸುತ್ತಿತ್ತು. ಎಂಥ ಅವಮಾನ ನೋಡಿ. ಆದರೂ ಅವರು ಬಿಡಲಿಲ್ಲ. ಬ್ರಿಸ್ಟಲ್‌ನ ಕಿಂಗ್ ಸ್ಟ್ರೀಟಿನ ರಂಗಮಂದಿರ 1766ರ ಮೇ 30ರಂದು ಶುರುವಾದಾಗ ಅದಕ್ಕೆ ಪರವಾನಗಿಯೇ ಇರಲಿಲ್ಲ. ಹಾಗಾಗಿ ಆ ದಿನದ ನಾಟಕವನ್ನು ಸಂಗೀತ ಕಚೇರಿ, ಜೊತೆಗೆ ಒಂದಿಷ್ಟು ಮಾತುಗಾರಿಕೆ ಎಂದು ಸಾರಿದರು!

ಈ ಬಿಗಿ ಸಡಿಲವಾಗಿದ್ದು 1788ರಲ್ಲಿ. ಲಂಡನ್ನಿನಿಂದ ದೂರದ ಊರುಗಳಲ್ಲಿ 60 ದಿನಗಳವರೆಗೆ ನಾಟಕ ಆಡಲು ಸ್ಥಳೀಯ ಮ್ಯಾಜಿಸ್ಟ್ರೇಟರೇ ಅನುಮತಿ ಕೊಡಬಹುದು ಎಂದಾಯಿತು. ಅದೇ ವರ್ಷ ಯಾರ್ಕ್‌ಶೈರ್‌ನ ರಿಚ್ಮಂಡ್‌ನಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಎಂಬ ನಟ ತನ್ನ ಕಂಪನಿಗಾಗಿ ಒಂದು ರಂಗಮಂದಿರ ಕಟ್ಟಿಸಿದ. ಸೆಪ್ಟೆಂಬರ್ 2ಕ್ಕೆ ಬಾಗಿಲು ತೆರೆಯಿತು. ನನಗೆ ಬಹಳ ಇಷ್ಟವಾದ ಮಂದಿರ ಇದೇ, ಮುಂದಿನ ಉತ್ತರಗಳೂ ಹೆಚ್ಚಾಗಿ ಇದರ ಸುತ್ತಲೇ ಇವೆ.

ಪ್ರಶ್ನೆ: ಅಷ್ಟು ಸಣ್ಣ ಊರಿನಲ್ಲಿ ಒಂದು ಕಂಪನಿ ಬದುಕುತ್ತಿದ್ದುದು ಹೇಗೆ?

ಉತ್ತರ: ಒಂದೇ ಊರನ್ನು ನಂಬಿ ಕೂತಿದ್ದರೆ ಬದುಕುತ್ತಿರಲಿಲ್ಲ. ಬಟ್ಲರ್ ಕಂಪನಿ ಊರೂರು ಸುತ್ತುತ್ತಿತ್ತು. ರಿಚ್ಮಂಡ್, ರಿಪನ್, ಹ್ಯಾರೊಗೇಟ್, ಬೆವರ್ಲಿ, ಕೆಂಡಲ್, ಹೀಗೆ ಉತ್ತರದ ಊರುಗಳ ಒಂದು ಸರ್ಕೀಟ್ ಇತ್ತು. ಜನ ಸೇರುವ ಕಾಲ ನೋಡಿಕೊಂಡು ಒಂದೊಂದು ಊರಿಗೆ ಹೋಗುವುದು, ಅಲ್ಲಿ ಕೆಲವು ವಾರ ಬೀಡುಬಿಟ್ಟು ಆಡುವುದು, ಮತ್ತೆ ಮುಂದಿನ ಊರು. ಒಬ್ಬ ನಟನಿಗೆ ಹತ್ತಾರು ಪಾತ್ರ ಬಾಯಿಪಾಠ ಇರಬೇಕಿತ್ತು, ಏಕೆಂದರೆ ಸಣ್ಣ ಊರಿನಲ್ಲಿ ನೋಡುವವರು ಅವರೇ, ನಾಟಕ ಬದಲಾಗದಿದ್ದರೆ ಮರುದಿನ ಯಾರು ಬರುತ್ತಾರೆ?

ಬಟ್ಲರ್ 1812ರಲ್ಲಿ ತೀರಿಕೊಂಡ. ಬೆವರ್ಲಿಯ ಸೇಂಟ್ ಮೇರಿ ಚರ್ಚಿನಲ್ಲಿ ಅವನ ನೆನಪಿನ ಫಲಕ ಇದೆ. ಅದರ ಮೇಲೆ 'ಮ್ಯಾಕ್‌ಬೆತ್' ನಾಟಕದ ಸಾಲುಗಳಿವೆ, ವೇದಿಕೆ ಮೇಲೆ ತನ್ನ ಹೊತ್ತು ಮುಗಿಸಿ ಮಾತು ನಿಲ್ಲಿಸುವ ಬಡ ನಟನ ಬಗ್ಗೆ. ಒಂದು ಕಾಲಕ್ಕೆ ಪೋಕರಿ ಅನ್ನಿಸಿಕೊಂಡಿದ್ದ ಕಸುಬಿನವನಿಗೆ ಚರ್ಚಿನೊಳಗೇ ಜಾಗ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ.

ಪ್ರಶ್ನೆ: ರಿಚ್ಮಂಡ್ ಮಂದಿರದ ಒಳಗೆ ಅಂಥದ್ದೇನಿದೆ?

ಉತ್ತರ: ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ, ಕಲ್ಲಿನ ಒಂದು ಸಾದಾ ಉಗ್ರಾಣದ ಹಾಗಿದೆ. ಒಳಗೆ ಹೋದರೆ ಲೆಕ್ಕಾಚಾರವೇ ಬೇರೆ. ಅಂಡಾಕಾರವೂ ಇಲ್ಲ, ಕುದುರೆಲಾಳದ ಆಕಾರವೂ ಇಲ್ಲ, ಉದ್ದನೆಯ ಚೌಕ. ನಡುವೆ ತಗ್ಗಿನಲ್ಲಿ ಪಿಟ್, ಅಂದರೆ ಬೆಂಚುಗಳ ಜಾಗ. ಅದರ ಮೂರು ಕಡೆ ಬಾಕ್ಸುಗಳು, ಅಂದರೆ ಕೆಲವರಷ್ಟೇ ಕೂರುವ ಬೇರೆ ಬೇರೆ ಗೂಡುಗಳು, ಮೇಲೆ ಗ್ಯಾಲರಿ. ಬಾಕ್ಸುಗಳ ಮೇಲೆ ನಾಟಕಕಾರರ ಹೆಸರು ಬರೆದಿದ್ದಾರೆ, ನಟ್ಟನಡುವಿನದು ಶೇಕ್ಸ್‌ಪಿಯರ್‌ನದು. ಟಿಕೆಟ್ ಕೊಡುತ್ತಿದ್ದ ಹಳೆಯ ಗೂಡೂ ಉಳಿದಿದೆ. ಗ್ಯಾಲರಿಯವರ ಕಾಲ ಬಳಿ ಮರದ ಹಲಗೆ ಇದೆ. ನಾಟಕ ಹಿಡಿಸದಿದ್ದರೆ ಅದಕ್ಕೇ ದಬದಬ ಒದೆಯುತ್ತಿದ್ದರು.

ಇದನ್ನೆಲ್ಲ ಮೇಣದಬತ್ತಿಯ ಬೆಳಕಿನಲ್ಲಿ ಊಹಿಸಿಕೊಳ್ಳಿ. ನಾಟಕ ನಡೆಯುವಾಗಲೂ ಪ್ರೇಕ್ಷಕರ ಕಡೆ ಕತ್ತಲಾಗುತ್ತಿರಲಿಲ್ಲ. ನಟನಿಗೆ ಪ್ರತಿಯೊಬ್ಬರ ಮುಖ ಕಾಣುತ್ತಿತ್ತು, ಜನರಿಗೂ ಎದುರಿನ ಬಾಕ್ಸಿನಲ್ಲಿ ಯಾರು ಯಾರ ಜೊತೆ ಕೂತಿದ್ದಾರೆ ಅಂತ ಕಾಣುತ್ತಿತ್ತು. ಇಂಥ ಜಾಗದಲ್ಲಿ ನಟ ಸುಮ್ನೆ ತನ್ನ ಪಾಡಿಗೆ ಮಾತು ಒಪ್ಪಿಸಿ ಹೋಗಲು ಆಗುತ್ತಿರಲಿಲ್ಲ, ಎದುರಿಗಿರುವವರ ಮುಖ ನೋಡಿಯೇ ಆಡಬೇಕಿತ್ತು. ಆ ಕಾಲದ ನಾಟಕಗಳಲ್ಲಿ ಪಾತ್ರಗಳು ಪ್ರೇಕ್ಷಕರ ಕಡೆ ತಿರುಗಿ ಗುಟ್ಟು ಹೇಳುವ ಮಾತುಗಳು ಅಷ್ಟೊಂದು ಏಕಿವೆ ಅನ್ನುವುದು ಈ ಕಟ್ಟಡ ನೋಡಿದರೆ ಅರ್ಥವಾಗುತ್ತದೆ. ಪುಸ್ತಕದಲ್ಲಿ ಓದಿದರೆ ಅದು ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ಇನ್ನೊಂದು ಆಸ್ತಿಯೂ ಇವರ ಬಳಿ ಇದೆ, ಕಾಡಿನ ದೃಶ್ಯದ ಒಂದು ಸೆಟ್ಟಿನ ಹಲಗೆಗಳು. 19ನೇ ಶತಮಾನದ ಮೊದಲ ಭಾಗದವು. ಬ್ರಿಟನ್ನಿನಲ್ಲಿ ಉಳಿದಿರುವ ಅತಿ ಹಳೆಯ ರಂಗದೃಶ್ಯ ಇದೇ ಎನ್ನುತ್ತಾರೆ.

ಪ್ರಶ್ನೆ: ಮಧ್ಯೆ ನೂರಕ್ಕೂ ಹೆಚ್ಚು ವರ್ಷ ಇಲ್ಲಿ ನಾಟಕವೇ ನಡೆಯಲಿಲ್ಲವಂತೆ, ನಿಜವೇ? ಹಾಗಿದ್ದರೆ ಕಟ್ಟಡ ಉಳಿದಿದ್ದು ಹೇಗೆ?

ಉತ್ತರ: ಬಹುಮಟ್ಟಿಗೆ ನಿಜ. ನಾಟಕ ನಡೆಯಲಿಲ್ಲ ಅನ್ನುವುದೇ ಉಳಿಯಲು ಕಾರಣ ಅಂತ ನನ್ನ ಅಭಿಪ್ರಾಯ. 1848ರಲ್ಲಿ ಮಂದಿರ ಮುಚ್ಚಿತು. ನೆಲ ಅಗೆದು ವೈನ್ ಇಡುವ ನೆಲಮಾಳಿಗೆ ಮಾಡಿದರು, ಮೇಲೆ ಹರಾಜು ನಡೆಯುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಹಳೆ ಸಾಮಾನು ತುಂಬುವ ಜಾಗವಾಗಿತ್ತು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಯೋಚಿಸಿ ನೋಡಿ. ದುಡ್ಡು ಚೆನ್ನಾಗಿ ಬರುತ್ತಿದ್ದ ನಾಟಕಮಂದಿರಗಳನ್ನು ವಿಕ್ಟೋರಿಯಾ ಕಾಲದವರು ಒಡೆದು ದೊಡ್ಡದಾಗಿ ಕಟ್ಟಿದರು, ಗ್ಯಾಸ್ ದೀಪ ಹಾಕಿದರು, ಎಷ್ಟೋ ಮಂದಿರಗಳು ಬೆಂಕಿಗೆ ಹೋದವು. ರಿಚ್ಮಂಡ್‌ನದನ್ನು ಹೊಸದಾಗಿ ಮಾಡಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ. ಕೊನೆಗೆ ಅದರ ಬೆಲೆ ಅರಿತವರು ಚಂದಾ ಎತ್ತಿ, ರಿಪೇರಿ ಮಾಡಿಸಿ, 1963ರಲ್ಲಿ ಮತ್ತೆ ತೆರೆದರು.

ಸಫೊಕ್‌ನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲೂ ಇದೇ ಕಥೆ. ಅಲ್ಲಿನ 1819ರ ರಂಗಮಂದಿರವನ್ನು ಕಟ್ಟಿದ್ದು ಮುಂದೆ ಲಂಡನ್ನಿನ ನ್ಯಾಷನಲ್ ಗ್ಯಾಲರಿ ರೂಪಿಸಿದ ವಿಲಿಯಂ ವಿಲ್ಕಿನ್ಸ್. 1925ರಿಂದ ನಲವತ್ತು ವರ್ಷ ಅದರೊಳಗೆ ಗ್ರೀನ್ ಕಿಂಗ್ ಬಿಯರ್ ಕಂಪನಿಯ ಪೀಪಾಯಿಗಳಿದ್ದವು.

ಪ್ರಶ್ನೆ: ಬ್ರಿಸ್ಟಲ್‌ನದು ಇದಕ್ಕಿಂತ ಹಳೆಯದಲ್ಲವೇ? ಮತ್ತೆ ರಿಚ್ಮಂಡ್‌ಗೆ ಏಕೆ ಇಷ್ಟು ಹೊಗಳಿಕೆ?

ಉತ್ತರ: ವಯಸ್ಸಿನಲ್ಲಿ ಬ್ರಿಸ್ಟಲ್‌ನದೇ ದೊಡ್ಡದು, ಅದರಲ್ಲಿ ಅನುಮಾನವೇ ಇಲ್ಲ. 1942ರಲ್ಲಿ ಅದೂ ಗೋದಾಮಾಗುವುದರಲ್ಲಿತ್ತು, ಊರಿನವರು ಹೋರಾಡಿ ತಪ್ಪಿಸಿದರು. ಆದರೆ ಅದು ಬಳಕೆಯಲ್ಲೇ ಇದ್ದುದರಿಂದ ಕಾಲಕಾಲಕ್ಕೆ ಬದಲಾಯಿತು, 1800ರಲ್ಲಿ ಚಾವಣಿ ಎತ್ತರಿಸಿ ಗ್ಯಾಲರಿ ಸೇರಿಸಿದರು. ಜಾರ್ಜಿಯನ್ ಕಾಲದ, ಅಂದರೆ ಜಾರ್ಜ್ ಹೆಸರಿನ ರಾಜರು ಆಳುತ್ತಿದ್ದ ಆ ಕಾಲದ, ಪ್ರೇಕ್ಷಕ ಏನು ನೋಡಿದನೋ ಅದನ್ನೇ ನೋಡಬೇಕು ಅಂದರೆ ನಾನು ರಿಚ್ಮಂಡ್‌ಗೇ ಕಳಿಸುತ್ತೇನೆ.

ಪ್ರಶ್ನೆ: ಈಗಲೂ ಅಲ್ಲಿ ನಾಟಕ ನೋಡಬಹುದೇ?

ಉತ್ತರ: ನೋಡಬಹುದು. ಮಾರ್ಗದರ್ಶಕರ ಜೊತೆ ಕಟ್ಟಡ ಸುತ್ತುವ ಏರ್ಪಾಡೂ ಇದೆ. ಎರಡರಲ್ಲಿ ಒಂದಕ್ಕೇ ಸಮಯ ಇದ್ದರೆ ನಾಟಕಕ್ಕೇ ಹೋಗಿ, ಗ್ಯಾಲರಿಯಲ್ಲಿ ಜಾಗ ಕೇಳಿ.